ಮೊದಲು ಕಿವಿ, ಆಮೇಲೆ ಕಣ್ಣು: ಚಿತ್ರದುರ್ಗದ ಸುತ್ತ ಮಧುರಕಂಠವನ್ನು ಗುರುತಿಸುವ ಬಗೆ

ಚಿತ್ರದುರ್ಗದ ಕಡೆ ಹಕ್ಕಿ ನೋಡುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ನವಿಲು, ಹದ್ದು, ಕೆರೆಯ ಬೆಳ್ಳಕ್ಕಿಗಳಿಂದ ಶುರುಮಾಡುತ್ತಾರೆ. ದೊಡ್ಡ ಹಕ್ಕಿಗಳು, ಬಯಲಲ್ಲೇ ಕೂರುತ್ತವೆ, ತಟ್ಟನೆ ಕಣ್ಣಿಗೆ ಬೀಳುತ್ತವೆ. ಹೊಸಬರು ಕೇಳಿದರೆ ನಾನು ಹೇಳುವುದು ಬೇರೆ: ಮಧುರಕಂಠದಿಂದ ಶುರುಮಾಡಿ. ಗುಬ್ಬಿಗಿಂತ ತುಸು ಚಿಕ್ಕದು, ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 14 ಸೆಂಟಿಮೀಟರ್. ಹಗಲೆಲ್ಲ ಸೊಪ್ಪಿನ ಒಳಗೇ ಓಡಾಡುವ ಹಳದಿ ಹಸಿರು ಹಕ್ಕಿ. ಕಾಣುವುದಕ್ಕೆ ತಾಳ್ಮೆ ಬೇಕು. ಆದರೆ ಇದನ್ನು ಹುಡುಕಲು ಕಲಿತವರಿಗೆ ಮರದೊಳಗಿನ ಉಳಿದ ಸಣ್ಣ ಹಕ್ಕಿಗಳೂ ಒಂದೊಂದಾಗಿ ಸಿಗತೊಡಗುತ್ತವೆ.

ಇನ್ನೊಂದು ಅನುಕೂಲವಿದೆ. ಇದು ವಲಸೆ ಹಕ್ಕಿಯಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ. ದಟ್ಟ ಕಾಡೇ ಬೇಕೆಂಬ ಹಟವೂ ಇದಕ್ಕಿಲ್ಲ. ಕುರುಚಲು ಕಾಡು, ಹೊಲದ ಬದುವಿನ ಬೇವು, ಊರಮುಂದಿನ ಹುಣಸೆ, ಮಾವಿನ ತೋಪು, ಶಾಲೆಯ ಆವರಣದ ಹೊಂಗೆ, ಎಲ್ಲವೂ ನಡೆಯುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ‘ಕಾಮನ್ ಅಯೋರಾ’ ಎನ್ನುತ್ತಾರೆ. 1758ರಷ್ಟು ಹಿಂದೆಯೇ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದನ್ನು ವಿವರಿಸಿ ಹೆಸರಿಟ್ಟಿದ್ದ. ಭಾರತ, ಶ್ರೀಲಂಕಾದಿಂದ ಹಿಡಿದು ಬೋರ್ನಿಯೊವರೆಗೆ ಇದರ ನೆಲೆ ಹರಡಿದೆ.

ಒಂದು ಮರ ಆರಿಸಿಕೊಳ್ಳಿ

ಮೊದಲ ಹೆಜ್ಜೆ ಇದೇ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾರಕ್ಕೊಂದು ಜಾಗ ಸುತ್ತುವುದಕ್ಕಿಂತ ಒಂದೇ ಮರದ ಹತ್ತಿರ ಮತ್ತೆ ಮತ್ತೆ ಹೋಗುವುದು ಈ ಹಕ್ಕಿಯ ಮಟ್ಟಿಗೆ ಹೆಚ್ಚು ಫಲ ಕೊಡುತ್ತದೆ. ಜೋಡಿಯೊಂದು ನೆಲೆಸಿದ ಜಾಗದಲ್ಲಿ ಅದೇ ನಾಲ್ಕಾರು ಮರಗಳನ್ನು ಸುತ್ತುತ್ತಿರುತ್ತದೆ. ನೀವು ಕಾದರೆ ಅದು ನಿಮ್ಮ ಮರಕ್ಕೂ ಬರುತ್ತದೆ.

ಹುಣಸೆ ನನ್ನ ಮೊದಲ ಆಯ್ಕೆ. ಸಣ್ಣೆಲೆ, ಹರಡಿದ ಟೊಂಗೆ, ಒಳಗೆ ಹುಳುಹುಪ್ಪಟೆ ಯಥೇಚ್ಛ. ಬೇವು ಎರಡನೆಯದು. ಹೊಂಗೆ, ಆಲ, ಮಾವು, ಜಾಲಿ ಆಮೇಲೆ. ಒಂಟಿ ಮರಕ್ಕಿಂತ ಆಚೀಚೆ ಇನ್ನೆರಡು ಮೂರು ಮರಗಳಿರುವ ಜಾಗ ವಾಸಿ, ಏಕೆಂದರೆ ಇದು ಬಯಲಿನ ಮೇಲೆ ದೂರ ಹಾರುವುದು ಕಡಿಮೆ. ಮರದಿಂದ ಮರಕ್ಕೆ ಚಿಕ್ಕ ಹಾರಾಟ, ಅಷ್ಟೆ. ನೆಲಕ್ಕೆ ಇಳಿಯುವುದಂತೂ ಅಪರೂಪ.

ಚಿತ್ರದುರ್ಗದ ಪೇಟೆಯಲ್ಲಿರುವವರಿಗೆ ಚಂದ್ರವಳ್ಳಿ ಒಳ್ಳೆಯ ಜಾಗ. ಚೋಳಗುಡ್ಡ, ಕಿರುಬನಕಲ್ಲು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಕೆರೆ ಇದೆ, ಮರಗಳಿವೆ, ನಡೆಯಲು ದಾರಿಯಿದೆ. ಕೋಟೆಯೊಳಗೂ ಹುಡುಕಿ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡದ ಸುತ್ತಮುತ್ತ ನಿಂತು ಕಿವಿಗೊಡಿ. ಕೋಟೆಯಲ್ಲಿ ಬೇರೆಲ್ಲೂ ಸಿಗದ ಒಂದು ಸೌಕರ್ಯವಿದೆ: ಬಂಡೆ ಹತ್ತಿ ನಿಂತರೆ ಕೆಳಗಿನ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಕತ್ತು ನೋಯಿಸಿಕೊಂಡು ಮೇಲೆ ನೋಡುವುದು ತಪ್ಪುತ್ತದೆ, ಹಕ್ಕಿಯ ಬೆನ್ನಿನ ಬಣ್ಣವೂ ಕಾಣುತ್ತದೆ.

ನಿಜವಾದ ಕಾಡು ನೋಡಬೇಕೆಂದರೆ ಜೋಗಿಮಟ್ಟಿ ಇದೆ. ಆಡುಮಲ್ಲೇಶ್ವರದ ಕಡೆಯ ಮರಗಳಿಂದಲೇ ಹುಡುಕಾಟ ಆರಂಭಿಸಬಹುದು. ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿಯೇ ಹೋಗಿ, ಒಬ್ಬರೇ ಹೋಗಬೇಡಿ. ಅಲ್ಲಿ ಕರಡಿ, ಚಿರತೆ ಎರಡೂ ಇವೆ. ಸೊಪ್ಪಿನ ಕಡೆ ತಲೆಯೆತ್ತಿ ನಿಂತ ಮನುಷ್ಯನಿಗೆ ಎದುರಿನ ಪೊದೆಯಲ್ಲಿ ಏನಿದೆಯೆಂಬ ಎಚ್ಚರ ಇರುವುದಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮಕ್ಕೆ ಹೋಗುವ ದಾವಣಗೆರೆಯವರಿಗೂ ಇದೇ ಮಾತು.

ಆದರೆ ಕಾಡಿಗೆ ಹೋಗಲೇಬೇಕೆಂದಿಲ್ಲ. ಹೊಲದ ಬದುವಿನಲ್ಲಿ ಹಳೆಯ ಹುಣಸೆಯಿದ್ದರೆ ಹೊಲದವರನ್ನು ಕೇಳಿ ನಿಲ್ಲಿ. “ಯಜಮಾನ್ರೇ, ಈ ಹುಣಸೇಮರದಾಗೆ ಒಂದು ಸಣ್ಣ ಹಕ್ಕಿ ಐತೆ, ಸ್ವಲ್ಪ ಹೊತ್ತು ನಿಂತು ನೋಡ್ತೀನಿ” ಅಂದರೆ ಬೇಡ ಅನ್ನುವವರು ಕಡಿಮೆ. ಕುರಿ ಕಾಯುವವರನ್ನು ಕೇಳುವಾಗ ಹೆಸರು ಹೇಳಿ ಪ್ರಯೋಜನವಿಲ್ಲ, ಅದರ ಕೂಗನ್ನು ಬಾಯಲ್ಲಿ ಊದಿ ತೋರಿಸಿ. ಹಗಲೆಲ್ಲ ಮರದ ನೆರಳಲ್ಲಿ ಕೂರುವವರಿಗೆ ಯಾವ ಮರದಲ್ಲಿ ಯಾವ ದನಿ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಯಾವಾಗ ಹೋಗಬೇಕು

ವರ್ಷದಲ್ಲಿ ಎರಡು ಒಳ್ಳೆಯ ಕಾಲ. ಒಂದು, ಮುಂಗಾರಿನ ಕಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇದು ಗೂಡು ಕಟ್ಟಿ ಮರಿ ಮಾಡುತ್ತದೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುತ್ತಾರಲ್ಲ, ಆ ರೋಹಿಣಿಯಿಂದ ಹಿಡಿದು ಮೃಗಶಿರ, ಆರಿದ್ರ ಕಳೆಯುವವರೆಗೆ ಗಂಡಿನ ಹಾಡು, ಬಣ್ಣ, ಕುಣಿತ ಮೂರೂ ಸೊಗಸಿನಲ್ಲಿರುತ್ತವೆ. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಬಂದಾಗ ಸೊಪ್ಪು ಚಿಗುರಿ ಕಂಬಳಿಹುಳು ಒಮ್ಮೆಲೇ ಏಳುತ್ತವೆ. ಮರಿಗಳಿಗೆ ಬೇಕಾದದ್ದು ಆ ಮೆತ್ತನೆಯ ಹುಳುವೇ.

ಇನ್ನೊಂದು, ಬೇಸಿಗೆಯ ಮೊದಲ ಭಾಗ. ದಿಂಡಿಗ, ಮುತ್ತುಗ ಎಲೆ ಉದುರಿಸಿ ಬೋಳಾದಾಗ ಹಕ್ಕಿ ಅಡಗುವ ಜಾಗ ಕಡಿಮೆಯಾಗುತ್ತದೆ. ಆಗ ಹಸಿರು ಉಳಿಸಿಕೊಂಡ ಮರಗಳನ್ನೇ ಹುಡುಕಿ: ಹಳ್ಳದ ದಂಡೆಯ ಹೊಂಗೆ, ಗುಡಿಯ ಪಕ್ಕದ ಆಲ. ಹಾಡು ಕಡಿಮೆ, ಆದರೆ ನೋಟ ಸಲೀಸು.

ಹೊತ್ತಿನ ವಿಷಯ ಚಿಕ್ಕದು. ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ಗಂಟೆ ಉತ್ತಮ, ಸಂಜೆ ಮಧ್ಯಮ. ಮಳೆ ನಿಂತು ಬಿಸಿಲು ಬಿದ್ದ ಹೊತ್ತಿದ್ದರೆ ಮಧ್ಯಾಹ್ನವೂ ಆದೀತು.

ಕಿವಿಗೆ ಕೆಲಸ ಕೊಡಿ

ಇಲ್ಲಿ ಅವಸರ ಮಾಡಬೇಡಿ. ಬೈನಾಕ್ಯುಲರ್ ಕೊರಳಲ್ಲೇ ಇರಲಿ. ಮರದ ಬುಡದಲ್ಲಿ ನಿಲ್ಲದೆ ಹದಿನೈದು ಇಪ್ಪತ್ತು ಹೆಜ್ಜೆ ದೂರ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಲ್ಲಿ ಅಥವಾ ಕುಳಿತುಕೊಳ್ಳಿ. ಐದು ನಿಮಿಷ ಏನನ್ನೂ ಹುಡುಕಬೇಡಿ, ಕೇಳಿ.

ಅದರ ಅತ್ಯಂತ ಗುರುತಿನ ದನಿ ಒಂದು ಉದ್ದ ಸಿಳ್ಳೆ. ‘ವ್ಹೀಈಈಈ’ ಎಂದು ಒಂದೇ ಎಳೆಯಲ್ಲಿ ನಡೆದು, ಕೊನೆಗೆ ಇದ್ದಕ್ಕಿದ್ದಂತೆ ‘ಟೂ’ ಎಂದು ಕೆಳಕ್ಕೆ ಬೀಳುತ್ತದೆ. ಆ ಬೀಳುವಿಕೆಯನ್ನು ಹಿಡಿಯಿರಿ. ಪಿಕಳಾರದ ಮಾತಿನಲ್ಲಿ ಅದಿಲ್ಲ, ಟುವ್ವಿ ಹಕ್ಕಿಯ ಬಿಡುವಿಲ್ಲದ ‘ಟುವ್ವಿ ಟುವ್ವಿ’ಯಲ್ಲೂ ಇಲ್ಲ. ಎರಡು ಸಿಳ್ಳೆಗಳ ನಡುವೆ ಸಾಕಷ್ಟು ಬಿಡುವಿರುತ್ತದೆ, ಆ ಬಿಡುವಿನಲ್ಲಿ ಹಕ್ಕಿ ಜಾಗ ಬದಲಿಸುತ್ತದೆ. ಹಾಗಾಗಿ ದನಿ ಬಂದ ಟೊಂಗೆಯನ್ನೇ ದಿಟ್ಟಿಸಿದರೆ ಅದು ಆಗಲೇ ಆಚೆ ಹೋಗಿರುತ್ತದೆ. ಮೂರು ನಾಲ್ಕು ಸಿಳ್ಳೆ ಕೇಳಿ, ಅದು ಯಾವ ಕಡೆಗೆ ಸಾಗುತ್ತಿದೆ ಎಂದು ಅಂದಾಜು ಮಾಡಿ, ಅದಕ್ಕಿಂತ ಮುಂದಿನ ಟೊಂಗೆಯ ಮೇಲೆ ಕಣ್ಣಿಡಿ.

ಎರಡನೆಯದು ಚಿಕ್ಕ ಚಿಕ್ಕ ತುಣುಕಿನ ಕೂಗು, ‘ಚೀ ಚಿಟ್ ಚಿಟ್’ ಅನ್ನುವಂಥದ್ದು. ಜೋಡಿ ಒಂದನ್ನೊಂದು ಬಿಟ್ಟು ಹೋಗದಿರಲು ಹೀಗೆ ಮಾತಾಡಿಕೊಳ್ಳುತ್ತದೆ. ಒಂದು ಹಕ್ಕಿ ಕಂಡಿತು ಎಂದರೆ ಇನ್ನೊಂದು ಹತ್ತಿರದಲ್ಲೇ ಇದೆ ಎಂದು ಧಾರಾಳವಾಗಿ ಹುಡುಕಬಹುದು. ಮೂರನೆಯದು ಒರಟು ‘ಚರ್ರ್’, ಗಾಬರಿಯ ದನಿ. ಅದು ಕೇಳಿದರೆ ಬಿಜ್ಜು ಎಂಬ ಬೇಟೆಹಕ್ಕಿ, ಹಾವು ಅಥವಾ ಕೆಂಬೂತ ಹತ್ತಿರ ಬಂದಿರಬಹುದು. ಅಥವಾ ನೀವೇ ಅತಿ ಹತ್ತಿರ ಹೋಗಿದ್ದೀರಿ.

ಇದು ಬೇರೆ ಹಕ್ಕಿಗಳ ದನಿಯನ್ನೂ ಅನುಕರಿಸುವುದುಂಟು. ಕಾಜಾಣದ ಕೂಗು ಕೇಳಿ, ಅಲ್ಲಿ ಕಾಜಾಣವೇ ಕಾಣದಿದ್ದರೆ ಆ ಮರವನ್ನು ಇನ್ನೊಮ್ಮೆ ನೋಡಿ.

ಮೊಬೈಲಿನಲ್ಲಿ ‘ಮರ್ಲಿನ್’ ಆ್ಯಪ್ ಇಟ್ಟುಕೊಂಡರೆ ದನಿ ಗುರುತಿಸಲು ನೆರವಾಗುತ್ತದೆ. ಮೊದಲು ನೀವು ಊಹಿಸಿ, ಆಮೇಲೆ ಅದನ್ನು ಕೇಳಿ, ಕೊನೆಗೆ ಹಕ್ಕಿಯನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಿ. ಆದರೆ ದಯವಿಟ್ಟು ಇದೊಂದನ್ನು ಮಾಡಬೇಡಿ: ಹಕ್ಕಿ ಹತ್ತಿರ ಬರಲಿ ಎಂದು ಅದರ ಹಾಡನ್ನು ಮೊಬೈಲಿನಲ್ಲಿ ಜೋರಾಗಿ ಹಾಕಬೇಡಿ. ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿದೆ ಎಂದು ತಿಳಿದು ಅದು ಗೂಡು ಬಿಟ್ಟು, ಮೇವು ಬಿಟ್ಟು ನಿಮ್ಮ ಫೋನಿನೊಡನೆ ಜಗಳಕ್ಕೆ ನಿಲ್ಲುತ್ತದೆ. ಒಂದು ಫೋಟೊಕ್ಕಾಗಿ ಮರಿಗಳ ಹೊಟ್ಟೆಗೆ ಹೊಡೆಯುವುದು ಸರಿಯಲ್ಲ.

ಹಕ್ಕಿ ಕಂಡಾಗ ನೋಡಬೇಕಾದದ್ದು

ಸೊಪ್ಪು ಅಲುಗಿದ ಜಾಗದಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಬೈನಾಕ್ಯುಲರ್ ಹಿಡಿದು ಮರವೆಲ್ಲ ತಡಕಾಡಿದರೆ ಏನೂ ಸಿಗುವುದಿಲ್ಲ. ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವುದು, ಅಂದರೆ 8×42 ಎಂದು ಬರೆದಿರುವುದು, ಈ ಕೆಲಸಕ್ಕೆ ಸಾಕು. ಹೆಚ್ಚು ಪಟ್ಟಿನದು ತಂದರೆ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಮೊದಲ ಕ್ಷಣಕ್ಕೆ ರೆಕ್ಕೆ ನೋಡಿ. ಕಪ್ಪು ರೆಕ್ಕೆಯ ಮೇಲೆ ಅಡ್ಡಲಾಗಿ ಎರಡು ಬಿಳಿ ಪಟ್ಟಿ. ಹಳದಿ ಮೈ, ಬಿಳಿ ಪಟ್ಟಿ ಎರಡೂ ಸೇರಿದರೆ ಮುಕ್ಕಾಲು ಪಾಲು ಗುರುತು ಮುಗಿಯಿತು. ಎರಡನೆಯದಾಗಿ ಬಾಲ. ಗಂಡಿಗೆ ಕಪ್ಪು ಬಾಲ, ಹೆಣ್ಣಿಗೆ ಹಸಿರು ಛಾಯೆಯ ಬಾಲ. ಗಂಡುಹೆಣ್ಣು ಗುರುತಿಸಲು ವರ್ಷವಿಡೀ ಕೈಕೊಡದ ಗುರುತು ಇದೇ, ಏಕೆಂದರೆ ಬೆನ್ನಿನ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಮಳೆಗಾಲದ ಗಂಡು ಬಹಳ ಚೆಲುವ. ಗಂಟಲು, ಎದೆ ಅಚ್ಚ ಹಳದಿ, ನೆತ್ತಿ ಮತ್ತು ಬೆನ್ನಿನ ಮೇಲೆ ಕಪ್ಪು. ಈ ಕಪ್ಪು ಎಲ್ಲ ಗಂಡುಗಳಲ್ಲೂ ಒಂದೇ ಸಮ ಇರುವುದಿಲ್ಲ. ಕೆಲವಕ್ಕೆ ನೆತ್ತಿಯಿಂದ ಬೆನ್ನಿನವರೆಗೆ ಮಸಿ ಬಳಿದಂತೆ, ಕೆಲವಕ್ಕೆ ಹಸಿರಿನ ನಡುವೆ ಕಪ್ಪು ಚುಕ್ಕೆ ಗೆರೆಗಳಷ್ಟೇ. ಹಾಗಾಗಿ ಪುಸ್ತಕದ ಚಿತ್ರಕ್ಕೆ ಪೂರ್ತಿ ಹೊಂದಲಿಲ್ಲವೆಂದು ಕೈಬಿಡಬೇಡಿ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಈ ಕಪ್ಪನ್ನು ಕಳಚಿ ಹೆಚ್ಚುಕಡಿಮೆ ಹೆಣ್ಣಿನಂತೆಯೇ ಆಗುತ್ತದೆ, ಬಾಲ ಮಾತ್ರ ಕಪ್ಪಾಗಿ ಉಳಿಯುತ್ತದೆ. ಹೆಣ್ಣಿನ ಬೆನ್ನು ಹಸಿರು, ಹೊಟ್ಟೆ ಮಾಸಲು ಹಳದಿ, ರೆಕ್ಕೆ ಗಂಡಿನದಕ್ಕಿಂತ ತಿಳಿ, ಪಟ್ಟಿಗಳು ಇದ್ದೇ ಇರುತ್ತವೆ. ಎರಡರದೂ ಕೊಕ್ಕು ಚೂಪು, ನೆಟ್ಟಗೆ, ನೀಲಿ ಬೂದು ಬಣ್ಣ. ಕಣ್ಣು ಬಿಳಿಚು. ಹತ್ತಿರದಿಂದ ಕಂಡವರಿಗೆ ಆ ಕಣ್ಣೇ ನೆನಪಿನಲ್ಲಿ ಉಳಿಯುತ್ತದೆ.

ನಡೆಯನ್ನೂ ನೋಡಿ. ಇದು ಎಲೆಯ ಮೇಲೆ, ಎಲೆಯ ಕೆಳಗೆ ಒಂದೊಂದಾಗಿ ತಪಾಸಣೆ ಮಾಡುತ್ತ ಸಾಗುತ್ತದೆ. ಸಣ್ಣ ರೆಂಬೆಯ ತುದಿಗೆ ತಲೆಕೆಳಗಾಗಿ ಜೋತುಬಿದ್ದು ಎಲೆಯ ಅಡಿಯಲ್ಲಿನ ಹುಳು ಕೀಳುತ್ತದೆ. ಕಂಬಳಿಹುಳು, ಜೇಡ, ಅವುಗಳ ಮೊಟ್ಟೆ, ಇವೇ ಊಟ. ಎಲೆ ತಿನ್ನುವ ಹುಳುಗಳನ್ನು ಇಷ್ಟು ನಿಗಾ ಇಟ್ಟು ಆರಿಸುವ ಹಕ್ಕಿ ಮಾವಿನ ತೋಪಿನವರಿಗೆ ದೊಡ್ಡ ಉಪಕಾರಿ.

ತಪ್ಪು ಗುರುತು ಎಲ್ಲಿ ಆಗುತ್ತದೆ

ಸೂರಕ್ಕಿಯ ಹೆಣ್ಣು ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡವುತ್ತದೆ. ಅದಕ್ಕೂ ಹೊಟ್ಟೆ ಹಳದಿ. ಆದರೆ ಅದರ ಕೊಕ್ಕು ಬಾಗಿದ್ದು, ರೆಕ್ಕೆಯಲ್ಲಿ ಬಿಳಿ ಪಟ್ಟಿ ಇಲ್ಲ, ಹೂವಿದ್ದಲ್ಲಿ ಹೆಚ್ಚು ಕಾಣುತ್ತದೆ. ಬೆಳ್ಗಣ್ಣ ಇನ್ನೂ ಪುಟ್ಟದು, ಕಣ್ಣಿನ ಸುತ್ತ ಬಿಳಿ ಉಂಗುರ, ಗುಂಪು ಕಟ್ಟಿಕೊಂಡೇ ಬರುತ್ತದೆ. ಎಲೆಹಕ್ಕಿ ಮಧುರಕಂಠಕ್ಕಿಂತ ದೊಡ್ಡದು, ಮೈಯೆಲ್ಲ ಗಿಣಿ ಹಸಿರು. ಹೊನ್ನಕ್ಕಿ ಮೈನಾದಷ್ಟು ದೊಡ್ಡದಾದ್ದರಿಂದ ಗೊಂದಲವೇ ಇಲ್ಲ.

ಇನ್ನೊಂದು ಹತ್ತಿರದ ನೆಂಟ ಇದೆ, ಮಾರ್ಷಲ್ ಅಯೋರಾ. ಅದು ಮುಖ್ಯವಾಗಿ ವಾಯವ್ಯ ಭಾರತದ ಒಣ ಸೀಮೆಯ ಹಕ್ಕಿ. ಬಾಲದ ತುದಿಯಲ್ಲಿ ಬಿಳಿ ಇರುತ್ತದೆ. ನಿಮ್ಮ ಹಕ್ಕಿಯ ಬಾಲದಲ್ಲಿ ಸ್ಪಷ್ಟ ಬಿಳಿ ಕಂಡರೆ ಫೋಟೊ ತೆಗೆದು ಬಲ್ಲವರಿಗೆ ತೋರಿಸಿ.

ಚಳಿಗಾಲದಲ್ಲಿ ಒಂದು ಸಂತೋಷದ ತೊಡಕು ಎದುರಾಗುತ್ತದೆ. ಆಗ ಮಧುರಕಂಠಗಳು ಬೇರೆ ಸಣ್ಣ ಹಕ್ಕಿಗಳೊಡನೆ ಕೂಡಿ ಮೇಯುತ್ತವೆ. ಚಿತ್ರಪಕ್ಷಿ, ಬೀಸಣಿಗೆ ನೊಣಹಿಡುಕ, ಉತ್ತರದಿಂದ ಬಂದ ಎಲೆ ಉಲಿಯಕ್ಕಿಗಳು, ಎಲ್ಲ ಒಂದೇ ಅಲೆಯಾಗಿ ಮರದೊಳಗೆ ಹಾದುಹೋಗುತ್ತವೆ. ಎಲ್ಲವನ್ನೂ ನೋಡಹೊರಟರೆ ಒಂದೂ ಸಿಗದು. ಒಂದು ಹಕ್ಕಿ ಹಿಡಿದು ಅದನ್ನೇ ನೋಡಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ.

ಗಂಡಿನ ಕುಣಿತ

ಇದಕ್ಕಾಗಿಯೇ ಮಳೆಗಾಲದಲ್ಲಿ ನಿಮ್ಮ ಮರದ ಹತ್ತಿರ ಹೋಗಿ ಕಾಯಬೇಕು. ಹೆಣ್ಣನ್ನು ಒಲಿಸಿಕೊಳ್ಳಲು ಗಂಡು ಟೊಂಗೆಯಿಂದ ನೇರ ಮೇಲಕ್ಕೆ ಚಿಮ್ಮುತ್ತದೆ. ಗಾಳಿಯಲ್ಲಿ ಮೈಯ ಗರಿಗಳನ್ನೆಲ್ಲ ಉಬ್ಬಿಸಿ, ಅದರಲ್ಲೂ ಸೊಂಟದ ತಿಳಿಬಣ್ಣದ ಗರಿಗಳನ್ನು ಹರವಿ, ಬಣ್ಣದ ನೂಲುಂಡೆಯಂತೆ ಸುತ್ತುತ್ತ ಸುತ್ತುತ್ತ ಕೆಳಗಿಳಿಯುತ್ತದೆ. ಇಳಿದು ಕೂತ ಮೇಲೂ ಮುಗಿಯದು. ರೆಕ್ಕೆ ಇಳಿಬಿಟ್ಟು, ಬಾಲ ಬಿಚ್ಚಿ ಹೆಣ್ಣಿನ ಎದುರು ತೋರಿಸುತ್ತದೆ. ಹಾರಿದಾಗಿನಿಂದ ಕೂರುವವರೆಗೆ ಕೆಲವೇ ಕ್ಷಣ, ಜೊತೆಗೆ ಆ ಸಿಳ್ಳೆ.

ನೋಡಲು ಉಪಾಯ: ಗಂಡು ಹೆಣ್ಣು ಎರಡೂ ಒಂದೇ ಮರದಲ್ಲಿರುವುದು ಖಚಿತವಾದರೆ ಬೈನಾಕ್ಯುಲರ್ ಇಳಿಸಿ ಬರಿಗಣ್ಣಿನಲ್ಲಿ ಮರದ ನೆತ್ತಿಯನ್ನೂ ಅದರ ಮೇಲಿನ ಆಕಾಶವನ್ನೂ ನೋಡುತ್ತಿರಿ. ಕುಣಿತ ನಡೆಯುವುದು ಸೊಪ್ಪಿನ ಹೊರಗೆ. ಬೈನಾಕ್ಯುಲರಿನ ಪುಟ್ಟ ವೃತ್ತದಲ್ಲಿ ಅದು ಹಿಡಿಸುವುದಿಲ್ಲ. ಕ್ಯಾಮೆರಾ ಇದ್ದರೂ ಮೊದಲ ಸಲ ಬದಿಗಿಡಿ ಎಂಬುದು ನನ್ನ ಕಳಕಳಿಯ ಮಾತು. ಪೂರ್ತಿ ಕುಣಿತವನ್ನು ಒಮ್ಮೆ ಕಣ್ಣಿನಲ್ಲೇ ನೋಡಿದ ಮೇಲೆ ಯಾವ ಕ್ಷಣದ ಚಿತ್ರ ಬೇಕೆಂಬುದು ನಿಮಗೇ ತಿಳಿಯುತ್ತದೆ.

ಗೂಡು ಕಂಡರೆ ಹಿಂದೆ ಸರಿಯಿರಿ

ಟೊಂಗೆ ಕವಲೊಡೆದ ಜಾಗದಲ್ಲಿ ಇದರ ಗೂಡು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಬಟ್ಟಲು, ಮೆತ್ತನೆಯ ಹುಲ್ಲಿನಿಂದ ಹೆಣೆದದ್ದು. ಹೊರಗೆಲ್ಲ ಜೇಡರಬಲೆ ಮೆತ್ತಿ ಎಷ್ಟು ನಯ ಮಾಡಿರುತ್ತದೆಂದರೆ ಕೊಂಬೆಯ ಗಂಟೇ ಇರಬೇಕು ಅನ್ನಿಸುತ್ತದೆ. ಎರಡರಿಂದ ನಾಲ್ಕು ಮೊಟ್ಟೆ. ಗಂಡು ಹೆಣ್ಣು ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತವೆ, ಸುಮಾರು ಎರಡು ವಾರಕ್ಕೆ ಮರಿ. ಹಾವು, ಓತಿಕ್ಯಾತ, ಕಾಗೆ, ಕೆಂಬೂತ, ಎಲ್ಲಕ್ಕೂ ಈ ಮೊಟ್ಟೆ ಮರಿಗಳ ಮೇಲೆ ಕಣ್ಣು. ಇವು ಸಾಲದೆಂಬಂತೆ ಕೋಗಿಲೆ ಕುಲದ ಹಕ್ಕಿಯೊಂದು ಇದರ ಗೂಡಿನಲ್ಲಿ ತನ್ನ ಮೊಟ್ಟೆ ಇಟ್ಟು ಹೋಗುವುದೂ ಉಂಟು.

ಇಷ್ಟರ ನಡುವೆ ನಾವೂ ಸೇರಿಕೊಳ್ಳಬಾರದು. ಗೂಡಿಗೆ ಅಡ್ಡವಾದ ಎಲೆಯನ್ನು ಫೋಟೊಕ್ಕಾಗಿ ಕತ್ತರಿಸುವುದು, ಕಟ್ಟುವುದು ಅಕ್ಷಮ್ಯ. ಆ ಎಲೆಯೇ ಮರಿಗಳಿಗೆ ನೆರಳು ಮತ್ತು ಮರೆ. ಗೂಡಿನ ಕೆಳಗೆ ಜನ ಗುಂಪುಗೂಡಿದರೆ ಕಾಗೆಗೆ ಗುರುತು ಸಿಗುತ್ತದೆ. ಜಾಗದ ವಿವರ ಹಾಕಿ ಫೋಟೊ ಹಂಚಿದರೆ ಮರುದಿನ ಇನ್ನಷ್ಟು ಕ್ಯಾಮೆರಾಗಳು ಬರುತ್ತವೆ. ಹಕ್ಕಿಯ ಗೂಡು, ಮೊಟ್ಟೆಗಳಿಗೆ ಕೈಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಗೂಡು ಕಂಡ ಕೂಡಲೇ ಇನ್ನಷ್ಟು ದೂರ ಸರಿದು, ಹಕ್ಕಿ ನಿರಾಳವಾಗಿ ಬಂದುಹೋಗುತ್ತಿದೆಯೇ ನೋಡಿ. ಬಾಯಲ್ಲಿ ಹುಳು ಹಿಡಿದು ಪಕ್ಕದ ಟೊಂಗೆಯಲ್ಲೇ ಚಡಪಡಿಸುತ್ತಿದ್ದರೆ ನೀವು ಇನ್ನೂ ಹತ್ತಿರವಿದ್ದೀರಿ ಎಂದರ್ಥ.

ಬರೆದಿಡುವುದು, ಮರ ಉಳಿಸುವುದು

ಒಂದು ನೋಟ್‌ಬುಕ್ ಸಾಕು. ದಿನಾಂಕ, ಹೊತ್ತು, ಮರ, ಗಂಡೋ ಹೆಣ್ಣೋ, ನೆತ್ತಿ ಕಪ್ಪೋ ಹಸಿರೋ, ಯಾವ ಕೂಗು. ಮಳೆಯ ಹೆಸರನ್ನೂ ಬರೆಯಿರಿ: ವರ್ಷದ ಮೊದಲ ಸಿಳ್ಳೆ ಭರಣಿಯಲ್ಲಿ ಕೇಳಿತೋ ರೋಹಿಣಿಯಲ್ಲೋ. ಕಂಡ ಹಕ್ಕಿಗಳನ್ನು ದಾಖಲಿಸುವ ‘ಇ-ಬರ್ಡ್’ ಜಾಲತಾಣದಲ್ಲಿ ಪಟ್ಟಿ ಹಾಕಿದರೆ ನಿಮ್ಮ ಊರಿನ ಮಾಹಿತಿ ಜಗತ್ತಿನ ದಾಖಲೆಯೊಳಗೆ ಸೇರುತ್ತದೆ. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆ ಇದಕ್ಕೆ ಒಳ್ಳೆಯ ಆರಂಭ. ಶಾಲೆಯ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ, ಅವರ ಕಿವಿ ನಮ್ಮದಕ್ಕಿಂತ ಚುರುಕು.

ಜಗತ್ತಿನ ಲೆಕ್ಕದಲ್ಲಿ ಮಧುರಕಂಠಕ್ಕೆ ಸದ್ಯ ಅಳಿವಿನ ಭಯವಿಲ್ಲ. ಆದರೆ ರಸ್ತೆ ಅಗಲಿಸಿದಲ್ಲೆಲ್ಲ ಸಾಲುಹುಣಸೆಗಳು ಉರುಳುತ್ತವೆ, ಬೇಸಿಗೆಯಲ್ಲಿ ಮಟ್ಟಿಗಳಿಗೆ ಬೆಂಕಿ ಬೀಳುತ್ತದೆ, ಬದುವಿನ ಬೇವನ್ನು ಮೆಕ್ಕೆಜೋಳಕ್ಕೆ ನೆರಳಾಯಿತೆಂದು ಕಡಿಯುತ್ತಾರೆ. ಮರ ಹೋದ ಜಾಗದಲ್ಲಿ ಈ ಹಕ್ಕಿ ಇರುವುದಿಲ್ಲ, ಅಷ್ಟೇ ವಿಷಯ. ನಿಮ್ಮ ಹೊಲದಲ್ಲಿ, ಹಿತ್ತಲಲ್ಲಿ ಹಳೆಯ ಹುಣಸೆಯೋ ಬೇವೋ ಇದ್ದರೆ ಮೇ ತಿಂಗಳಿಂದ ಸೆಪ್ಟೆಂಬರ್ ಮುಗಿಯುವವರೆಗೆ ಅದರ ಟೊಂಗೆ ಸವರಿಸಬೇಡಿ. ವಿದ್ಯುತ್ ತಂತಿಗೆ ತಾಗುತ್ತದೆಂದು ಸವರಲು ಬಂದವರಿಗೂ ಅಗತ್ಯವಿದ್ದಷ್ಟನ್ನೇ ತೆಗೆಯುವಂತೆ ಕೇಳಿಕೊಳ್ಳಿ, ಮೊದಲು ಕವಲುಗಳನ್ನು ಒಮ್ಮೆ ನೋಡಿಸಿ. ಸವರಲೇಬೇಕಾದ ಮರವನ್ನು ಡಿಸೆಂಬರ್, ಜನವರಿಯಲ್ಲಿ ಸವರಿ. ಆಗ ಗೂಡಿನಲ್ಲಿ ಮರಿ ಇರುವುದಿಲ್ಲ, ಮುಂಗಾರಿನ ಹೊತ್ತಿಗೆ ಸೊಪ್ಪೂ ಮತ್ತೆ ತುಂಬಿಕೊಂಡಿರುತ್ತದೆ.